ಬೂರುಲ್ ತನ್ನ ತುಣುಕನ್ನು ತಾನೇ ನೋಡಿದ್ದು

ನರೀನ್ ನದಿಯ ಮಗ್ಗುಲಲ್ಲಿದ್ದ ಆ ಆಸ್ಪತ್ರೆಯಲ್ಲಿ ಯಾರ ಮೈಯಿಂದ ಗಂಟು ತೆಗೆದರೂ ಅದು ಕೊನೆಗೆ ಬಂದು ಸೇರುತ್ತಿದ್ದದ್ದು ಡಾಕ್ಟರ್ ಬೂರುಲಳ ಮೇಜಿಗೆ. ತುಣುಕನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಸೀಳಿ, ಬಣ್ಣ ಹಿಡಿಸಿ, ಮೈಕ್ರೋಸ್ಕೋಪಿನಲ್ಲಿ ನೋಡಿ ಅವಳು ಹೇಳಿದ್ದೇ ತೀರ್ಪು. ತೀರ್ಪು ಕೆಟ್ಟದ್ದಾದರೆ ಮಾತ್ರ ಅದು ರೋಗಿಯ ಕಿವಿಗೆ ಬೀಳುತ್ತಿರಲಿಲ್ಲ. ಮನೆಯವರನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟುವುದು, ರೋಗಿಗೆ ‘ಏನೂ ಇಲ್ಲ, ಚೆನ್ನಾಗಿ ಊಟ ಮಾಡಿ’ ಎನ್ನುವುದು ಅಲ್ಲಿನ ರೂಢಿ.

ಐವತ್ತೇಳರ ವಯಸ್ಸಿನಲ್ಲಿ ಬೂರುಲಳ ಎದೆಯಲ್ಲೇ ಒಂದು ಗಂಟು ಕೈಗೆ ಸಿಕ್ಕಿತು. ಆಸ್ಪತ್ರೆಯ ಮುಖ್ಯಸ್ಥ ಮೆಲಿಸ್ ತಾನೇ ಒಂದು ಚೂರು ಕತ್ತರಿಸಿ ತೆಗೆದ. “ನಿಮ್ಮದನ್ನ ನೀವು ನೋಡೋದು ಬೇಡ. ಸ್ಲೈಡು ರಾಜಧಾನಿಗೆ ಕಳಿಸ್ತೀನಿ. ಬಿಷ್ಕೆಕ್‌ನವರು ನೋಡ್ತಾರೆ” ಅಂದ.

ವಾರದ ಮೇಲೆ ಅವನು ಕರೆದಾಗ ಕೋಣೆಯಲ್ಲಿ ಅವಳ ತಮ್ಮ ತಲಾಯ್ ಕೂತಿದ್ದ. “ಎಜೆ, ಏನೂ ಇಲ್ಲವಂತೆ!” ಎಂದು ಅಕ್ಕನ ಕೈ ಹಿಡಿದುಕೊಂಡ. ನಗು ಬಾಯಲ್ಲಿತ್ತು, ಕಣ್ಣಲ್ಲಿರಲಿಲ್ಲ.

“ಸ್ಲೈಡು ಕೊಡಿ” ಎಂದಳು ಬೂರುಲ್.

ಮೆಲಿಸ್ ತಡಮಾಡದೆ ಕೊಟ್ಟ. ಅವಳು ಅಲ್ಲೇ ಇದ್ದ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ನೋಡಿದಳು. ಆಮೇಲೆ ಜೋರಾಗಿ ನಕ್ಕಳು.

“ತಲಾಯ್, ಕುರಿ ಕಡಿಯೋ! ನಿನಗೆ ಸೋದರಳಿಯ ಹುಟ್ಟಿದ್ದಾನೆ.”

“ಏನಂತೀಯ ಎಜೆ?”

“ಈ ಸ್ಲೈಡಿನಲ್ಲಿರೋ ಎದೆ ತುಂಬ ಹಾಲಿದೆ. ಇವಳು ಎಳೆಗೂಸಿನ ತಾಯಿ. ಮೆಲಿಸ್, ನನ್ನ ಕೂಸು ಎಲ್ಲಪ್ಪಾ? ತೊಟ್ಟಿಲು ಎಲ್ಲಿ ಬಚ್ಚಿಟ್ಟಿದ್ದೀಯ?”

ಮೆಲಿಸ್‌ನ ಮುಖ ಕೆಂಪೇರಿತು. ತಲಾಯ್ ನೆಲ ನೋಡಿದ. “ಅವರನ್ನ ಬೈಬೇಡ. ನಾನೇ ಹೇಳಿದ್ದು. ಗೊತ್ತಾದ್ರೆ ನೀನು ಕುಗ್ಗಿಹೋಗ್ತೀಯ ಅಂತ...”

“ಕುಗ್ಗೋದಾದ್ರೆ ನಾನೇ ಕುಗ್ತೀನಿ. ಅದನ್ನೂ ನನ್ನ ಪರವಾಗಿ ನೀನೇ ಮಾಡಬೇಕಾ?”

ಅವಳು ನೆಟ್ಟಗೆ ಪ್ರಯೋಗಾಲಯಕ್ಕೆ ನಡೆದಳು. ಅಲ್ಲಿ ತುಣುಕುಗಳನ್ನು ಸಿದ್ಧಮಾಡುವ ಜಿಯ್ದೆ ಅವಳ ಮುಖ ನೋಡಿದವಳೇ ಕಪಾಟಿನ ಹಿಂದಿನಿಂದ ಬೂರುಲಳ ತುಣುಕು ಹುದುಗಿದ್ದ ಪುಟ್ಟ ಮೇಣದ ಅಚ್ಚೊಂದನ್ನು ತೆಗೆದಳು. “ನನ್ನ ಕೈಲಿ ಆಣೆ ಹಾಕಿಸಿದ್ರು, ಎಜೆ” ಎಂದು ಅಳಲು ಶುರುಮಾಡಿದಳು.

“ಅಳು ಆಮೇಲೆ. ಮೊದಲು ಅದನ್ನ ಕೊಡು.”

ತಲಾಯ್ ಜೊತೆ ಬೆನ್ನಟ್ಟಿ ಬಂದ ಮೆಲಿಸ್ ಬಾಗಿಲಲ್ಲಿ ನಿಂತ. “ಇದು ನಿಯಮಕ್ಕೆ ವಿರುದ್ಧ. ನಿಮ್ಮ ಕೆಲಸ ಹೋಗುತ್ತೆ, ನೋಡಿ!”

“ಹೋಗಲಿ. ಮೈ ಅಂತೂ ನಂದೇ ತಾನೆ?”

ಬೂರುಲ್ ಅಚ್ಚನ್ನು ಸೀಳುವ ಯಂತ್ರಕ್ಕೆ ಸಿಕ್ಕಿಸಿ ಹಿಡಿ ತಿರುಗಿಸಿದಳು. ಮೊದಲ ಸೀಳು ಹರಿದುಹೋಯಿತು. ಅವಳು ಅಚ್ಚನ್ನು ಮಂಜುಗಡ್ಡೆಯ ಮೇಲಿಟ್ಟು, ಉಸಿರು ಬಿಗಿಹಿಡಿದು ಮತ್ತೆ ಯಂತ್ರದ ಹಿಡಿ ತಿರುಗಿಸಿದಳು. ಈ ಸಲ ಅಲಗಿನಂಚಿನಿಂದ ಮೇಣದ ತೆಳುವಾದ ಪಟ್ಟಿ ಇಳಿದುಬಂತು. ಅದನ್ನು ಬೆಚ್ಚನೆ ನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಮೇಲೆ ಎತ್ತಿಕೊಂಡು, ಒಣಗಿಸಿ, ಮೇಣ ಕರಗಿಸಿ, ಬಣ್ಣದಲ್ಲಿ ಅದ್ದಿದಳು. ಆಮೇಲೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು.

ಸಾಲಾಗಿ ಇರಬೇಕಾದ ಜೀವಕೋಶಗಳು ಕಡುನೇರಳೆಯಾಗಿ, ಒಂದರ ಮೇಲೊಂದು ಬಿದ್ದು, ಗಡಿ ಒಡೆದುಕೊಂಡು ಆಚೆ ನುಗ್ಗಿದ್ದವು.

“ಕ್ಯಾನ್ಸರ್” ಎಂದಳು, ಎಲ್ಲರಿಗೂ ಕೇಳುವಂತೆ.

ತಲಾಯ್ ಟೋಪಿಯಿಂದ ಮುಖ ಮುಚ್ಚಿಕೊಂಡ. ಬೂರುಲ್ ಸ್ಟೂಲು ಎಳೆದು ಕೂತಳು. ಭಯವಾಗಿತ್ತು, ಬಹಳ ಭಯವಾಗಿತ್ತು. ಆದರೂ ಅದು ಅವಳದೇ ಭಯ, ಯಾರೋ ಕದ್ದಿಟ್ಟಿದ್ದು ಮರಳಿ ಸಿಕ್ಕಂತಿತ್ತು.

“ಇನ್ನು ಮುಂದಿನದನ್ನ ನನ್ನ ಹತ್ತಿರ ಮಾತಾಡಿ, ನನ್ನ ಬೆನ್ನ ಹಿಂದೆ ಬೇಡ” ಎಂದಳು.

ಬಿಷ್ಕೆಕ್‌ನಲ್ಲಿ ಒಂದು ಮೊಲೆ ತೆಗೆದರು. ತಲೆಗೂದಲು ಉದುರಿತು. ಚಳಿಗೆ ಮುಂಚೆ ಬೆಟ್ಟದ ಹುಲ್ಲುಗಾವಲಿನಿಂದ ಕುರಿಮಂದೆಗಳು ಇಳಿದುಬರುವ ಹೊತ್ತಿಗೆ ಅವಳು ಕೆಲಸಕ್ಕೆ ಮರಳಿದಳು. ಮೆಲಿಸ್ ತಪ್ಪೊಪ್ಪಿಗೆ ಬರೆದುಕೊಡಲು ಕೇಳಿದ, ಅವಳು ಬರೆಯಲಿಲ್ಲ. ಅವಳನ್ನು ಕೆಲಸದಿಂದ ಕಳಿಸಿದರೆ ಬೇರೆಯವರು ಸಿಗುವಂತಿರಲಿಲ್ಲ, ಅವನೂ ಸುಮ್ಮನಾದ.

ಅದೇ ವಾರ ಹಜಾರದಲ್ಲಿ ಒಬ್ಬ ಕುರಿಗಾಹಿ ಹೆಂಗಸು ಬೆಂಚಿನ ಮೇಲೆ ಒಂಟಿಯಾಗಿ ಕೂತಿದ್ದಳು. ಅವಳ ಗಂಡ ಮೂಲೆಯಲ್ಲಿ ಮೆಲಿಸ್ ಜೊತೆ ಪಿಸುಗುಟ್ಟುತ್ತಿದ್ದ. ಬೂರುಲ್ ಪ್ರಯೋಗಾಲಯದ ಬಾಗಿಲು ತೆರೆದು ನಿಂತಳು.

“ಏನಮ್ಮಾ, ನಿನಗೇನಾಗಿದೆ ಅಂತ ನೀನೇ ತಿಳಕೋಬೇಕು ಅಂತಿದ್ದೀಯಾ?”

“ಅವಳಿಗೆ ಹೇಳಬೇಡಿ!” ಎಂದು ಗಂಡ ಓಡಿಬಂದ.

“ನಿಮ್ಮನ್ನ ಕೇಳಲಿಲ್ಲ.”

ಹೆಂಗಸು ಎದ್ದು ತಲೆವಸ್ತ್ರ ಸರಿಮಾಡಿಕೊಂಡು, ಗಂಡನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಒಳಗೆ ನಡೆದಳು.