ಆರನೆಯ ವಿಕೆಟ್ ಬಿದ್ದ ಮೇಲೆ

ಕ್ಲೆಮ್ ಹಾರ್ವುಡ್ ಟೆಸ್ಟ್ ಪಂದ್ಯಕ್ಕೆ ಟಿಕೆಟ್ ಕೊಂಡು ಬರುತ್ತಿದ್ದುದು ಮೈದಾನಕ್ಕೆ ಬೆನ್ನು ಹಾಕಿ ಕೂರುವುದಕ್ಕೆ. ಹೋಬಾರ್ಟಿನ ಬೆಲೆರಿವ್ ಮೈದಾನದ ಹುಲ್ಲುದಿಬ್ಬದ ಮೇಲೆ, ಡರ್ವೆಂಟ್ ನದಿಯ ಕಡೆ ಮುಖ ಮಾಡಿ ಮಡಿಸುವ ಕುರ್ಚಿ ಹಾಕಿಕೊಂಡು, ಪತ್ರಿಕೆಯ ಪದಬಂಧವನ್ನು ತೊಡೆಯ ಮೇಲೆ ಹರಡಿಕೊಂಡನೆಂದರೆ, ಆರಂಭಿಕರು ಶತಕ ಬಾರಿಸಲಿ, ಸೊನ್ನೆ ಸುತ್ತಲಿ, ಅವನ ಪೆನ್ಸಿಲು ನಿಲ್ಲುತ್ತಿರಲಿಲ್ಲ. ಆರನೆಯ ವಿಕೆಟ್ ಬಿದ್ದ ಗದ್ದಲ ಕೇಳಿಸಿದಾಗ ಮಾತ್ರ ಪತ್ರಿಕೆ ನಾಲ್ಕು ಮಡಿಕೆಯಾಗಿ ಜೇಬು ಸೇರುತ್ತಿತ್ತು. ಜನವರಿಯ ಬಿಸಿಲಲ್ಲೂ ಮೈಯಿಂದ ಕಳಚದ ಆ ಕಂದು ಉಣ್ಣೆಯ ಕೋಟಿನ ಗುಂಡಿಗಳನ್ನು ಅವನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿಕೊಂಡು, ಎದ್ದು, ಕುರ್ಚಿ ತಿರುಗಿಸಿ, "ಸರಿ, ಇನ್ನು ಆಟ ಶುರು" ಎಂದು ಕೂರುತ್ತಿದ್ದ. ಉಳಿದ ನಾವೆಲ್ಲ ಬಿಯರಿಗೋ ಚಿಪ್ಪುಮೀನು ತುಂಬಿದ ಸ್ಕ್ಯಾಲಪ್ ಪೈಗೋ ಏಳುತ್ತಿದ್ದುದೇ ಆ ಹೊತ್ತಿಗೆ.

ಅವನ ನಡಿಗೆಯೂ ಒಂದು ವಿಚಿತ್ರ. ನಾಲ್ಕು ಹೆಜ್ಜೆ ಚುರುಕಾಗಿ ಇಟ್ಟು, ಏನೋ ಮರೆತವನಂತೆ ತಡೆದು ನಿಂತು, ಹಿಂದಿರುಗಿ ನೋಡಿ, ಮತ್ತೆ ಹೊರಡುತ್ತಿದ್ದ. ಇಂಥವನ ಜೊತೆ ದೋಣಿಕಟ್ಟೆಯಿಂದ ಮೈದಾನಕ್ಕೆ ಹೋಗಬೇಕಾದರೆ ತಾಳ್ಮೆ ಬೇಕಿತ್ತು. ಅವನ ಸಿದ್ಧಾಂತ ಕೇಳಲು ಇನ್ನೂ ಹೆಚ್ಚಿನ ತಾಳ್ಮೆ ಬೇಕಿತ್ತು.

ಸಿದ್ಧಾಂತ ಒಂದೇ. ನೆಲೆಯೂರಿದ ಬ್ಯಾಟ್ಸ್‌ಮನ್ ಒಂದು ತುದಿಯಲ್ಲಿ, ಬ್ಯಾಟಿಂಗ್ ಅಷ್ಟಾಗಿ ಬಾರದ ಬಾಲಂಗೋಚಿ ಇನ್ನೊಂದರಲ್ಲಿ ಇರುವಾಗ ಎದುರಾಳಿ ನಾಯಕರು ಮಾಡುವುದು ಎಲ್ಲರಿಗೂ ಗೊತ್ತು: ಸಮರ್ಥನಿಗೆ ಫೀಲ್ಡರುಗಳನ್ನು ಗಡಿಗೆ ಅಟ್ಟಿ ಒಂಟಿ ರನ್ನನ್ನು ತಟ್ಟೆಯಲ್ಲಿಟ್ಟು ಕೊಡುತ್ತಾರೆ, ಬಾಲಂಗೋಚಿ ಎದುರಿಗೆ ಬಂದೊಡನೆ ಅವರನ್ನೆಲ್ಲ ಒಳಗೆ ಕರೆದು ಮುತ್ತಿಗೆ ಹಾಕುತ್ತಾರೆ. ಆದ್ದರಿಂದ ಬಲ್ಲ ಬ್ಯಾಟ್ಸ್‌ಮನ್ ನಾಲ್ಕು ಎಸೆತ ಒಂಟಿ ರನ್ ನಿರಾಕರಿಸಿ, ಐದನೆಯದಕ್ಕೆ ಓಡಿ, ಬಾಲಂಗೋಚಿಗೆ ಒಂದೇ ಎಸೆತ ಬಿಟ್ಟು, ಮುಂದಿನ ಓವರನ್ನೂ ತಾನೇ ಎದುರಿಸುತ್ತಾನೆ. ದಿಬ್ಬದ ಪಂಡಿತರೆಲ್ಲರೂ ಮೆಚ್ಚುತ್ತಿದ್ದ ಈ ಜಾಣತನವನ್ನು ಕಂಡರೆ ಕ್ಲೆಮ್‌ನ ಕಿವಿ ಕೆಂಪಾಗುತ್ತಿತ್ತು. ರನ್ ಇದ್ದರೆ ಓಡಬೇಕು, ಅದು ಎಷ್ಟನೆಯ ಎಸೆತವಾದರೂ ಸರಿ, ಆಚೆ ತುದಿಯಲ್ಲಿ ಯಾರಿದ್ದರೂ ಸರಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. "ಜೊತೆಗಾರನ್ನ ನಂಬೋಕಾಗ್ದೇ ಇರೋನು ಗಾಲ್ಫ್ ಆಡ್ಲಿ" ಎನ್ನುತ್ತಿದ್ದ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಬೇಕಲ್ಲ. ಆ ಕೆಲಸಕ್ಕೆ ನೆವ್ ಟ್ರೆಸಿಡರ್ ಇದ್ದ. ಸತುವಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಸಣಕಲ ಮನುಷ್ಯ, ಎಡಗೈ ಭುಜದಿಂದ ಮೇಲೇಳದು. ಯಾವ ಪಂದ್ಯವಿದ್ದರೂ ಕ್ಲೆಮ್‌ನ ಪಕ್ಕದಲ್ಲೇ ಕೂತು, ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಮೊದಲು ಅವನಿಗೇ ಕೊಟ್ಟು, ಆಮೇಲೆ ಅವನ ಮಾತನ್ನು ನಿಧಾನವಾಗಿ ಕತ್ತರಿಸುತ್ತಿದ್ದ. ಬಾಲಂಗೋಚಿಯನ್ನು ನಂಬುವುದೆಂದರೆ ತೂತು ದೋಣಿಯಲ್ಲಿ ನದಿ ದಾಟಿದಂತೆ. ಬಲ್ಲವನು ಅವನನ್ನು ಕಾಪಾಡಬೇಕು, ಅದೇ ನ್ಯಾಯ, ಕಾಪಾಡಿಸಿಕೊಂಡವನಿಗೆ ಅದರಿಂದ ಅವಮಾನವೇನೂ ಇಲ್ಲ. ಕೊನೆಯ ಮಾತನ್ನು ಅವನು ಯಾವಾಗಲೂ ಸ್ವಲ್ಪ ಒತ್ತಿ ಹೇಳುತ್ತಿದ್ದ. ಅದೇಕೆಂದು ಯೋಚಿಸುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ.

ಕ್ಲೆಮ್ ತನ್ನ ಕಾಲದಲ್ಲಿ ಹನ್ನೊಂದನೆಯವನಾಗಿ ಆಡಿ ಅವಮಾನ ಉಂಡವನು, ನೆವ್ ಸೊಕ್ಕಿನ ಆರಂಭಿಕ ಎಂದು ನಾನು ಹನ್ನೊಂದು ಬೇಸಿಗೆ ನಂಬಿಕೊಂಡಿದ್ದೆ. ಒಂದು ಭಾನುವಾರ ಕ್ಲೆಮ್‌ನ ಹೆಂಡತಿ ಡಲ್ಸಿಯ ಅಡುಗೆಮನೆಯಲ್ಲಿ ಗೋಡೆಯ ಮೇಲಿದ್ದ ಕ್ಲಬ್ ತಂಡದ ಹಳೆಯ ಚಿತ್ರ ನೋಡುತ್ತ ಹಾಗೆಂದೆ. ಆಕೆ ಆಲೂಗಡ್ಡೆ ಹೆರೆಯುವುದನ್ನು ನಿಲ್ಲಿಸಿ, "ನೀನು ಎಲ್ಲ ತಲೆಕೆಳಗು ತಿಳ್ಕೊಂಡಿದೀಯಪ್ಪ" ಎಂದಳು.

ಅವಳು ಹೇಳಿದ್ದು ಇಷ್ಟು. ಇಬ್ಬರಿಗೂ ಇಪ್ಪತ್ತೈದು ದಾಟಿರದ ಕಾಲದ ಒಂದು ಫೈನಲ್. ಗೆಲ್ಲಲು ಆರು ರನ್, ಉಳಿದದ್ದು ಒಂದೇ ವಿಕೆಟ್. ಎಂಬತ್ತು ದಾಟಿ ನಿಂತಿದ್ದವನು ಕ್ಲೆಮ್. ಹನ್ನೊಂದನೆಯವನಾಗಿ ಬಂದವನು ನೆವ್. ನಾಲ್ಕು ಸಲ ಕ್ಲೆಮ್ ಚೆಂಡನ್ನು ದೂರಕ್ಕೆ ತಳ್ಳಿದ, ನಾಲ್ಕು ಸಲವೂ ನೆವ್ ಅರ್ಧ ದಾರಿ ಓಡಿ ಬಂದ, ನಾಲ್ಕು ಸಲವೂ ಕ್ಲೆಮ್ ಕೈಯೆತ್ತಿ ಅವನನ್ನು ಹಿಂದಕ್ಕೆ ಕಳಿಸಿದ. ಐದನೆಯದನ್ನು ಒಂದೇ ಹೊಡೆತಕ್ಕೆ ಮುಗಿಸಹೋಗಿ ಗಡಿಯಲ್ಲಿ ಕ್ಯಾಚ್ ಕೊಟ್ಟ. ನೆವ್ ಒಂದು ಚೆಂಡೂ ಸೋಕದ ಬ್ಯಾಟನ್ನು ಕಂಕುಳಲ್ಲಿಟ್ಟುಕೊಂಡು ಮರಳಿದ. ಆ ಚಳಿಗಾಲದಲ್ಲೇ ಕಾರ್ಖಾನೆಯಲ್ಲಿ ಅವನ ಭುಜ ಮುರಿಯಿತು. ಮತ್ತೆಂದೂ ಬ್ಯಾಟ್ ಹಿಡಿಯಲಿಲ್ಲ.

"ಆ ವಿಷಯ ಇಬ್ರೂ ಇವತ್ತಿನವರೆಗೆ ಎತ್ತಿಲ್ಲ" ಎಂದಳು ಡಲ್ಸಿ. "ಇವ್ರು ತಪ್ಪಾಯ್ತು ಅನ್ನೋಕೆ ಹೊರಡ್ತಾರೆ, ಅರ್ಧ ದಾರೀಲಿ ವಾಪಸ್ ಬರ್ತಾರೆ."

ಆಮೇಲೆ ಆ ದಿಬ್ಬದ ಜಗಳವನ್ನು ಕೇಳುವುದು ನನಗೆ ಕಷ್ಟವಾಯಿತು. ಒಬ್ಬ ತನ್ನನ್ನೇ ಬೈದುಕೊಳ್ಳುತ್ತಿದ್ದ, ಇನ್ನೊಬ್ಬ ಅವನ ಪರ ವಕಾಲತ್ತು ಮಾಡುತ್ತಿದ್ದ. ನಾವು ಅದನ್ನು ಕ್ರಿಕೆಟ್ ಎಂದುಕೊಂಡಿದ್ದೆವು.

ಕೊನೆಗೊಂದು ಟೆಸ್ಟಿನ ಐದನೆಯ ದಿನ, ನಮ್ಮವರ ಕೊನೆಯ ಜೋಡಿಗೆ ಒಂಬತ್ತು ರನ್ ಬೇಕಿತ್ತು. ನೆಲೆಯೂರಿದ ಬ್ಯಾಟ್ಸ್‌ಮನ್ ಓವರಿನ ಮೊದಲ ಎಸೆತಕ್ಕೇ ಒಂಟಿ ರನ್ ಓಡಿಬಿಟ್ಟ. ಇಡೀ ದಿಬ್ಬ ನರಳಿತು. ಹನ್ನೊಂದನೆಯ ಹುಡುಗ ಒಂದನ್ನು ತಡೆದ, ಮುಂದಿನದನ್ನು, ಯಾರೂ ನಂಬದಂತೆ, ಮೊಣಕಾಲೂರಿ ಕವರ್ ಗಡಿಗೆ ಅಟ್ಟಿದ, ಅದರ ಮುಂದಿನ ಯಾರ್ಕರಿಗೆ ಮಧ್ಯದ ಸ್ಟಂಪ್ ಕಳೆದುಕೊಂಡ. ಪಂದ್ಯ ಹೋಯಿತು. ಹಿಂದಿನ ಸಾಲಿನವನೊಬ್ಬ ಬಾಗಿ, ಕ್ಲೆಮ್ ತಾತನ ವೇದಾಂತ ನದಿ ಪಾಲಾಯಿತು ಎಂದು ಚುಚ್ಚಿದ. ಕ್ಲೆಮ್ ಕೋಟಿನೊಳಗೆ ಕುಗ್ಗಿ ಕೂತಿದ್ದ.

ತಲೆ ತಗ್ಗಿಸಿ ಮರಳುತ್ತಿದ್ದ ಆ ಹುಡುಗನನ್ನೇ ನೆವ್ ನೋಡುತ್ತಿದ್ದ. "ಆ ಬೌಂಡರೀನ ಅವನು ಸಾಯೋವರೆಗೂ ಹೇಳ್ಕೊಂಡು ತಿರುಗ್ತಾನೆ" ಎಂದ. "ಓಡಿದ್ದೇ ಸರಿ."

ಅಷ್ಟು ವರ್ಷಗಳಲ್ಲಿ ಅವನು ಹಾಗೆಂದದ್ದು ಅದೇ ಮೊದಲು. ಕ್ಲೆಮ್ ಬಹಳ ಹೊತ್ತು ಗುಂಡಿಗಳನ್ನು ತಡವಿದ.

"ಅವತ್ತು ನಾನೂ ಓಡ್ಬೇಕಿತ್ತು, ನೆವ್."

"ನಾನು ಮೊದಲ್ನೇ ಬಾಲಿಗೇ ಔಟಾಗ್ತಿದ್ದೆ ಕಣೋ."

"ಆಗ್ಲಿ ಅಂತ ಬಿಡ್ಬೇಕಿತ್ತು. ಅದು ನಿನ್ ವಿಕೆಟ್ಟು, ಕಳ್ಕೊಳ್ಳೋದೂ ನಿನ್ಗೇ ಸೇರಿದ್ದು."

ನೆವ್ ಫ್ಲಾಸ್ಕಿನಲ್ಲಿ ಉಳಿದದ್ದನ್ನು ಬಗ್ಗಿಸಿ, ಆರಿಹೋಗಿದೆ ಎಂದು ಹೇಳಿ ಕೊಟ್ಟ. ಗೇಟಿನವರೆಗೆ ಕ್ಲೆಮ್ ಎಂದಿನಂತೆ ನಾಲ್ಕು ಹೆಜ್ಜೆಗೊಮ್ಮೆ ನಿಂತ. ಪ್ರತಿ ಸಲವೂ ನೆವ್ ನಿಂತ.

ಈಗ ಇಬ್ಬರೂ ಇಲ್ಲ. ನಾನು ಕೂರುವ ಕಡೆ ನೆಲಕ್ಕೆ ಬಿಗಿದ ಕುರ್ಚಿಗಳಿವೆ, ತಿರುಗಿಸಲು ಬರುವುದಿಲ್ಲ. ಒಂದೇ ಮಾತನ್ನು ಜೀವಮಾನವಿಡೀ ವಾದಿಸಿ ಊರಿನ ತಲೆ ತಿನ್ನುವವರನ್ನು ಕಂಡಾಗ ನಾನು ಮೊದಲಿನಂತೆ ನಗುವುದಿಲ್ಲ. ಅಂಥವರಲ್ಲಿ ಅನೇಕರು ತಾವು ಒಮ್ಮೆ ಎಡವಿದ ಜಾಗವನ್ನೇ ಕಾಯುತ್ತ ಕೂತಿರುತ್ತಾರೆ, ಇನ್ನೊಬ್ಬರು ಅಲ್ಲಿ ಎಡವದಿರಲೆಂದು. ಅವರ ಪಕ್ಕದಲ್ಲಿ ಎದುರುವಾದ ಹೂಡುತ್ತ ಚಹಾ ಬಗ್ಗಿಸುವವನೊಬ್ಬ ಇದ್ದರೆ ಅದು ಅವರ ಪುಣ್ಯ. ಆರನೆಯ ವಿಕೆಟ್ ಬಿದ್ದಾಗ ಸಾಲಿನವರು ಪೈ ತರಲು ಏಳುತ್ತಾರೆ. ನಾನು ಕೋಟಿನ ಗುಂಡಿ ಹಾಕಿಕೊಳ್ಳುತ್ತೇನೆ.