ಕಾಮೆಂಟರಿಯವರ ಮಗಳು

ಕನ್ನಡಿಯ ಮುಂದೆ ಕೂತ ಹೆಂಗಸಿನ ಒದ್ದೆ ಕೂದಲನ್ನು ಬೆರಳಲ್ಲಿ ಎತ್ತಿ ಹಿಡಿದು ಕತ್ತರಿ ಆಡಿಸುತ್ತಿದ್ದಾಗ ಮತ್ತೆ ಅದೇ ಮಾತು ಬಂತು.

"ನಿಮ್ಮಪ್ಪ ಹೋಗ್ಬಿಟ್ರಂತೆ, ಪೇಪರಲ್ಲಿ ನೋಡ್ದೆ. ಏನ್ ದನಿ ಕಣ್ರೀ ಅದು! ಅವರ ಕಾಮೆಂಟರಿ ಬರ್ತಿದ್ರೆ ಒಲೆ ಮೇಲೆ ಹಾಲು ಉಕ್ಕಿದ್ರೂ ನಮ್ಮನೇಲಿ ಯಾರೂ ಏಳ್ತಿರ್ಲಿಲ್ಲ."

"ಹೌದು, ಎಲ್ರೂ ಹೇಳ್ತಾರೆ," ಎಂದಳು ಮಗಳು. "ತಲೆ ಸ್ವಲ್ಪ ಬಗ್ಗಿಸಿ."

ಎರಡೇ ಕುರ್ಚಿಯ ಆ ಪುಟ್ಟ ಸಲೂನಿಗೆ ಬಂದವರಲ್ಲಿ ಅರ್ಧ ಜನ ಅಪ್ಪನ ದನಿಯನ್ನು ಹೊಗಳಿದವರೇ. ಊರಿಗೆಲ್ಲ ಅವರು 'ಕಾಮೆಂಟರಿ'. ಹೆಸರು ಹಿಡಿದು ಕರೆದವರು ಕಡಿಮೆ. ಚೆಂಡು ಎಲ್ಲಿದೆ ಎಂದು ಹೇಳುವವರು ರೇಡಿಯೊದಲ್ಲಿ ಬೇರೆಯವರೂ ಇದ್ದರು. ಹುಲ್ಲು ಇನ್ನೂ ಒದ್ದೆಯಿದೆ, ಗೋಲ್‌ಕೀಪರ್ ಕೈಗವಸಿನ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಬಿಗಿಯುತ್ತಿದ್ದಾನೆ ಎಂದು ಹೇಳುತ್ತಿದ್ದವರು ಅವರೊಬ್ಬರೇ. ಆಟವೆಂದರೆ ಅವರಿಗೆ ಪ್ರಾಣ. ಬೀದಿಯಲ್ಲಿ ಮಕ್ಕಳು ಹರಕು ಚೆಂಡು ಒದೆಯುತ್ತಿದ್ದರೂ ನಿಂತು ನೋಡಿ, ಫಲಿತಾಂಶ ತಿಳಿದುಕೊಂಡೇ ಮನೆಗೆ ಬರುವವರು.

ಕುಡಿತ ಶುರುವಾದದ್ದು ಪಂದ್ಯ ಮುಗಿದ ಮೇಲೆ, ಗೆಳೆಯರ ಜೊತೆ. ಬರಬರುತ್ತಾ ಅದು ಪಂದ್ಯಕ್ಕೂ ಮೊದಲೇ ಬಂತು. ಕೊನೆಗೆ ನೀರಿನ ಫ್ಲಾಸ್ಕಿನಲ್ಲಿ ಅಡಗಿ ಸ್ಟುಡಿಯೊದ ಒಳಗೇ ಬಂತು. ರೇಡಿಯೊದವರು ಕೆಲವು ಸಲ ಕಣ್ಣು ಮುಚ್ಚಿಕೊಂಡರು, ಆಮೇಲೆ ಬಾಗಿಲನ್ನೇ ಮುಚ್ಚಿದರು.

ಹೊಗಳುವವರಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಕಾಮೆಂಟರಿ ಇತ್ತು. ಅದನ್ನು ಕೇಳಿದ್ದವಳು ಅವಳು.

ಆಗ ಅವಳು ಶಾಲೆಯ ಓಟಗಾರ್ತಿ. ಓಡಲು ಕಲಿಸಿದವರು ಅಪ್ಪನೇ. "ಮೊಣಕೈ ಒಳಗಿರ್ಲಿ ಪುಟ್ಟಿ, ಪಕ್ಕದವಳನ್ನ ನೋಡ್ಬೇಡ!" ಎಂದು ಕೂಗುತ್ತ ಪಾರ್ಕಿನಲ್ಲಿ ಬೆಳಗ್ಗೆ ಅವಳ ಜೊತೆ ಓಡಿ ಏದುಸಿರು ಬಿಡುತ್ತಿದ್ದರು. ಶಾಲೆಗಳ ನಡುವಿನ ಸ್ಪರ್ಧೆಯ ದಿನ ತಪ್ಪದೇ ಬರುತ್ತೇನೆ ಎಂದಿದ್ದರು. ಬಂದರು. ಕಾಲು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಪಿಸ್ತೂಲು ಸಿಡಿದು ಹುಡುಗಿಯರು ಓಡತೊಡಗಿದಾಗ ದೈಹಿಕ ಶಿಕ್ಷಕರ ಕೈಯಿಂದ ಮೈಕು ಕಿತ್ತುಕೊಂಡರು.

"ನಮ್ಮ ಪುಟ್ಟಿ ನೋಡ್ರಪ್ಪಾ... ಕುದುರೆ... ನನ್ ಕುದುರೆ..." ಆಮೇಲಿನದು ಬರೀ ತೊದಲು. ಮೈದಾನವಿಡೀ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಮುಂದೆ ಓಡುತ್ತಿದ್ದ ಅವಳು ಗೆರೆ ಮುಟ್ಟುವ ಮೊದಲೇ ನಿಂತಳು. ನಿಂತು, ಪಥದಿಂದ ಆಚೆ ನಡೆದು, ಹಾಗೇ ಗೇಟು ದಾಟಿದಳು. ಮತ್ತೆ ಯಾವತ್ತೂ ಓಡಲಿಲ್ಲ.

ಅಪ್ಪ ಆ ದಿನವೇ ಕುಡಿತ ಬಿಟ್ಟಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಬಿಡಲಿಲ್ಲ. ಮುಂದೆ ಎಷ್ಟೋ ವರ್ಷ ಬಿಟ್ಟು ಹಿಡಿದು, ಹಿಡಿದು ಬಿಟ್ಟು, ಒಮ್ಮೆ ಬಸ್ ನಿಲ್ದಾಣದಲ್ಲಿ ಬಿದ್ದವರನ್ನು ಯಾರೋ ಆಸ್ಪತ್ರೆಯ ವ್ಯಸನಮುಕ್ತಿ ವಿಭಾಗಕ್ಕೆ ಸೇರಿಸಿದರು. ಅಪ್ಪ ಅಲ್ಲಿಂದ ಬಂದ ಮೇಲೆ ಅಮ್ಮ ಅವಳನ್ನು ಅಡುಗೆಮನೆಗೆ ಎಳೆದು, "ಈ ಸಲ ನಿಂತ ಹಾಗಿದೆ ಕಣೇ. ಬಾಯಿ ಬಿಡ್ಬೇಡ, ದೃಷ್ಟಿಯಾಗುತ್ತೆ" ಎಂದು ಪಿಸುಗುಟ್ಟಿದ್ದಳು. ನಿಜವಾಗಿಯೂ ನಿಂತಿತು. ಅಪ್ಪ ತರಬೇತಿ ಪಡೆದು ಅದೇ ವಿಭಾಗದಲ್ಲಿ ಆಪ್ತಸಮಾಲೋಚಕರಾದರು. ಊಟಕ್ಕೆ ಕೂತಾಗ ಫೋನ್ ಬಂದರೆ ತಟ್ಟೆ ಬಿಟ್ಟು ಏಳುವರು. ಯಾರದೋ ಮಗ, ಯಾರದೋ ಗಂಡ. ಊರಿನವರಿಗೆಲ್ಲ ಒಳ್ಳೆಯ ಅಪ್ಪ ಸಿಕ್ಕಿದ, ನನಗೆ ಉಳಿದದ್ದು ಆರಿದ ಅನ್ನ ಎಂದುಕೊಳ್ಳುವಳು ಅವಳು. ಬಾಯಿ ಬಿಟ್ಟು ಹೇಳಲಿಲ್ಲ. ಓಟದ ಮಾತನ್ನು ಅವರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಯಕೃತ್ತು ಮಾತ್ರ ಹಳೆಯದನ್ನು ಮರೆತಿರಲಿಲ್ಲ. ಕೊನೆಯ ವಾರಗಳಲ್ಲಿ ವಾರ್ಡಿನ ಟಿವಿಯಲ್ಲಿ ಸದ್ದಿಲ್ಲದೆ ಪಂದ್ಯ ನಡೆಯುತ್ತಿತ್ತು. ಅವಳು ಪಕ್ಕದಲ್ಲಿ ಕೂತು ಅವರ ಒಣ ತುಟಿಗೆ ಒದ್ದೆ ಹತ್ತಿ ಮುಟ್ಟಿಸುತ್ತಿದ್ದಳು. ಊರು ಮೆಚ್ಚಿದ ದನಿ ಗಾಳಿಯಷ್ಟೇ ಉಳಿದಿತ್ತು. ಒಮ್ಮೆ ಅವರು "ಪುಟ್ಟೀ..." ಎಂದು ಅವಳ ಮುಖವನ್ನೇ ನೋಡಿದರು. ಅವಳು ಕಾದಳು. "ಯಾರು ಮುಂದಿದಾರೆ?" ಎಂದು ಕೇಳಿ ಕಣ್ಣು ಮುಚ್ಚಿಕೊಂಡರು.

ಕೂದಲಿನ ಕೆಲಸ ಮುಗಿಯುವ ಹೊತ್ತಿಗೆ ವ್ಯಸನಮುಕ್ತಿ ವಿಭಾಗದ ವೈದ್ಯೆ ಸಲೂನಿಗೆ ಬಂದರು. "ನಾಳೆ ಮಧ್ಯಾಹ್ನ ನಮ್ಮ ಗುಂಪಿನವರು ಸರ್‌ನ ನೆನಪು ಮಾಡ್ಕೊಳ್ತಾರೆ. ನೀವು ಬರ್ಬೇಕು. ಭಾಷಣ ಗೀಷಣ ಏನಿಲ್ಲ."

ಆಸ್ಪತ್ರೆಯ ಹಿಂದಿನ ಕಟ್ಟಡದ ಮಹಡಿ. ಗುಂಡಗೆ ಇಟ್ಟ ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಯಲ್ಲಿ ಚಹಾದ ದೊಡ್ಡ ಕೆಟಲ್. ಒಬ್ಬೊಬ್ಬರೇ ಎದ್ದು ಎರಡೆರಡು ಮಾತು ಹೇಳಿದರು. ಆಮೇಲೆ ಖಾಕಿ ಅಂಗಿಯ ಬಸ್ ಡ್ರೈವರ್ ಒಬ್ಬ ಅವಳ ಕಡೆ ತಿರುಗಿ ಕೈಮುಗಿದ.

"ತಪ್ಪು ತಿಳ್ಕೋಬೇಡಿ ಅಮ್ಮ. ಓಟ ಅರ್ಧಕ್ಕೇ ನಿಲ್ಲಿಸಿದ ಮಗಳು ನೀವೇನಾ?"

ಅವಳು ಥಟ್ಟನೆ ಎದ್ದಳು. ಕೈಚೀಲ ತೆಗೆದುಕೊಂಡು ಸೀದಾ ಹೊರಗೆ ನಡೆದಳು. ವೈದ್ಯೆ ಹಿಂದೆಯೇ ಬಂದರು.

"ನನ್ ಮರ್ಯಾದೆ ಹೋಗಿದ್ದನ್ನ ಅಪ್ಪ ಇವರಿಗೆಲ್ಲ ಪಾಠ ಮಾಡಿದ್ರಾ?" ಅವಳು ತಿರುಗಿ ನಿಂತಳು. "ನನ್ ಹತ್ರ ಒಂದ್ ಮಾತು ಆಡೋಕಾಗ್ಲಿಲ್ಲ, ಇಲ್ಲಿ ಬಂದು..."

"ನಿಮ್ಮನ್ನ ಕೇಳ್ದೆ ಹೇಳಿದ್ದು ತಪ್ಪೇ. ನಾನೂ ಅವರಿಗೆ ಹೇಳಿದ್ದೆ," ಎಂದರು ವೈದ್ಯೆ. "ಇಲ್ಲಿಗೆ ಬರೋರು ಮೊದಲು ಹೇಳೋದೇ, ನನ್ ಕುಡಿತದಿಂದ ಯಾರಿಗೂ ತೊಂದ್ರೆ ಇಲ್ಲ ಅಂತ. ಆಗ ಸರ್ ಇದನ್ನ ಹೇಳೋರು. 'ಅವಳು ನಿಂತ್ಲು' ಅನ್ನೋ ಕಡೆಗೆ ನಿಲ್ಲಿಸ್ಬಿಡೋರು. ಮಗಳು ಕ್ಷಮಿಸಿದ್ಲಾ ಅಂತ ಯಾರಾದ್ರೂ ಕೇಳಿದ್ರೆ, ಅದು ಅವಳ ಮಾತು, ನಾನು ಹೇಳೋ ಹಾಗಿಲ್ಲ ಅನ್ನೋರು."

"ನೀವಾದ್ರೂ ಹೇಳ್ಬಾರ್ದಿತ್ತಾ, ಮಗಳ ಹತ್ರಾನೇ ಕ್ಷಮೆ ಕೇಳಿ ಅಂತ?"

"ಹೇಳ್ದೆ. ಊರೆಲ್ಲ ಮೆಚ್ಚಿದ ಬಾಯಿ ಅದು, ನಿಮ್ಮ ಮುಂದೆ ಮಾತ್ರ ತೆರೀತಿರ್ಲಿಲ್ಲ. ಮೈಕಿನಲ್ಲಿ ಕೆಡಿಸಿದ್ದನ್ನ ಬಾಯಲ್ಲಿ ಸರಿಮಾಡೋಕೆ ಹೆದರಿಕೆ ಅಂತಿದ್ರು."

ಅವಳು ಮೆಟ್ಟಿಲ ಕಂಬಿ ಹಿಡಿದು ಬಗ್ಗಿ ನೋಡಿದಳು. ಕೆಳಗೆ ಆಂಬುಲೆನ್ಸೊಂದು ಹಿಂದಕ್ಕೆ ಬರುತ್ತಿತ್ತು. ಆಮೇಲೆ ಮುಖ ಒರೆಸಿಕೊಂಡು ಒಳಗೆ ಹೋಗಿ ಅದೇ ಕುರ್ಚಿಯಲ್ಲಿ ಕೂತಳು. ಡ್ರೈವರ್ ತಲೆ ತಗ್ಗಿಸಿದ್ದ.

"ನಾನೇ ಆ ಮಗಳು," ಎಂದಳು. "ನಾನು ಕ್ಷಮಿಸಿರ್ಲಿಲ್ಲ. ಅವರು ಕೇಳ್ಲಿ ಅಂತ ಕಾಯ್ತಿದ್ದೆ. ಅವರು ನನ್ನ ಮುಖ ನೋಡ್ಕೊಂಡು ಕಾಯ್ತಿದ್ರು. ಒಂದೇ ಮನೇಲಿ ಇಬ್ರೂ ಕಾಯ್ತಾ ಕೂತ್ವಿ, ಅಷ್ಟರಲ್ಲಿ ಅವರ ಉಸಿರು ಮುಗೀತು. ಕೇಳಿದ್ದಿದ್ರೆ... ಕೇಳಿದ್ದಿದ್ರೆ ನಾನು ಜಗಳ ಆಡ್ತಿದ್ದೆ. ತುಂಬ ದೊಡ್ಡ ಜಗಳ. ಆದ್ರೆ ಮಾತಾಡ್ತಿದ್ವಿ."

ಚಹಾ ಹಂಚುವಾಗ ಡ್ರೈವರ್ ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಅವಳು ಲೋಟ ಹಿಡಿದು ಬಂದಾಗ ಅವನು ಪಡಸಾಲೆಯ ಕಿಟಕಿಯ ಬಳಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಕಿವಿಗೆ ಫೋನು ಹಿಡಿದಿದ್ದ.

"ನಾನು ಕಣಮ್ಮಾ... ಅಪ್ಪ. ನಿನ್ ಮದ್ವೆ ದಿನ ನಾನು ಮಾಡಿದ್ದು... ಅದನ್ನೇ ಹೇಳೋಣ ಅಂತ... ಹಲೋ? ಹಲೋ?"

ಫೋನನ್ನು ಕಿವಿಯಿಂದ ತೆಗೆದು ಅವಳನ್ನು ಕಂಡು ಪೆಚ್ಚಾದ. "ಏನೂ ಹೇಳ್ತಿಲ್ಲಮ್ಮ ಅವಳು. ಕೋಪ ಇನ್ನೂ ಹೋಗಿಲ್ಲ. ಇಟ್ಬಿಡ್ತೀನಿ."

"ಕಟ್ ಮಾಡಿದ್ಲಾ?"

"ಇಲ್ಲ. ಸುಮ್ನಿದಾಳೆ."

ಅವಳು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅವನ ಕೈಯನ್ನು ಹಿಡಿದು ಫೋನನ್ನು ಮತ್ತೆ ಅವನ ಕಿವಿಗೆ ತಂದಳು.

"ಇಡ್ಬೇಡಿ," ಎಂದಳು. "ಕೇಳಿಸ್ಕೊಳ್ತಿದಾಳೆ."