ಹನ್ನೆರಡನೆಯ ಹೆಬ್ಬೆರಳು

ತಣ್ಣಗಿದೆ ಈ ಹುಡುಗಿಯ ಕೈ, ಸೈಕಲ್ಲಿನಲ್ಲಿ ಕಾಲುವೆಯ ಗಾಳಿ ಕುಡಿದು ಬಂದ ಕೈ, ಮುಂಚೆ ಬಂದ ಹನ್ನೊಂದು ಜನ ಅಂಗೈ ಉಜ್ಜಿಕೊಂಡಾದರೂ ಮುಟ್ಟಿದ್ದರು, ಇವಳಿಗೆ ಅದೂ ನೆನಪಿಲ್ಲ, ಅಷ್ಟು ಭಯ, ಯೋರಿಂದೆ ಅಂತ ಹೆಸರು ಎದೆಯ ಮೇಲಿನ ಚೀಟಿಯಲ್ಲಿ, ಹೋದ ವರ್ಷ ಇದೇ ಮಂಚದ ಪಕ್ಕ ನಿಂತು ಅತ್ತವಳು ಇವಳೇ, ಇನ್ನೊಂದು ಸಲ ಫೇಲಾದರೆ ದಾದಿಯರ ಶಾಲೆಯಿಂದ ಹೊರಗೆ, ಅದು ಇಲ್ಲಿ ಎಲ್ಲರಿಗೂ ಗೊತ್ತು, ಆಫ್ಕೆಗೂ ಗೊತ್ತು — ಆಫ್ಕೆ ಪರೀಕ್ಷೆಯ ಮಕ್ಕಳಿಗಾಗಿ ಉಬ್ಬಸದ ರೋಗಿಯ ವೇಷದಲ್ಲಿ ಮಲಗಿದ್ದಾಳೆ, ಒಂಬತ್ತು ವರ್ಷದಿಂದ ಮಂಗಳವಾರಕ್ಕೊಂದು ರೋಗ, ಕೈಗೆ ಕೊಟ್ಟ ಕಾಗದದಲ್ಲಿ ಇದ್ದಷ್ಟನ್ನೇ ಆಡಬೇಕು, ಇವತ್ತಿನದು ಉಬ್ಬಸ, ಮನೆಯಲ್ಲಿ ಬೆಕ್ಕಿದೆ, ಕಾಲು ಸರಿಯಾಗಿದೆ. ಕಾಲು ಸರಿಯಾಗಿದೆ ಅನ್ನುವುದನ್ನು ಬೆಳಿಗ್ಗೆ ಎರಡು ಸಲ ಓದಿಕೊಂಡಳು, ಆರನೇ ಇಯತ್ತೆಗೆ ಬಿಟ್ಟು ಸಿಗಡಿ ಸುಲಿಯಲು ಕೂತವಳು, ಓದುವುದು ನಿಧಾನ, ಆದರೆ ಕಿವಿ ಚುರುಕು. ಮೊದಲು ಇಲ್ಲಿ ಪುಸ್ತಕ ಒಂದು ಕಟ್ಟಡದಲ್ಲಿ, ರೋಗಿ ಇನ್ನೊಂದರಲ್ಲಿ, ಇದರ ಸುದ್ದಿ ಅದಕ್ಕಿಲ್ಲ, ಆ ಗೋಡೆ ಒಡೆದವರು ಈಗ ಕುರ್ಚಿಯಲ್ಲಿ ಕೂತು ಅಂಕ ಹಾಕುತ್ತಿರುವ ಹಾರಿಂಗಾ ಮೇಷ್ಟ್ರು — ಅಂಗ ಮುಟ್ಟಿದ ಬಾಯಲ್ಲೇ ಯಾಕೆ ಹೀಗಾಯ್ತು ಅಂತಲೂ ಹೇಳ್ಬೇಕು, ಯಾಕೆ ಅನ್ನೋದಕ್ಕೆ ಅರ್ಧದಷ್ಟು ಅಂಕ, ಅದು ಗೊತ್ತಿಲ್ದೋರು ಬರೀ ಕೈ, ಕೈಗಳು ಸಂತೇಲೂ ಸಿಗ್ತವೆ. ಹಾಗೆ ಮಕ್ಕಳು ಒಪ್ಪಿಸಿದ್ದೆಲ್ಲ ಮಲಗಿದ್ದವಳಿಗೂ ಬಾಯಿಪಾಠವಾಯಿತು, ಪುಪ್ಪುಸ ಯಾಕೆ ಸಿಳ್ಳೆ ಹಾಕುತ್ತದೆ, ಗುಂಡಿಗೆ ದಣಿದರೆ ಕಾಲಿಗೆ ಯಾಕೆ ನೀರಿಳಿಯುತ್ತದೆ, ಮಂಚದ ಮೇಲಿನದಕ್ಕೂ ಕಿವಿಯಿದೆ ಅಂತ ಯಾರೂ ಎಣಿಸಲಿಲ್ಲ — ಹಾಗಾಗಿ ಚಳಿಗಾಲ ಹಿಡಿದಾಗ ಬೂಟು ಬಿಗಿಯಾದದ್ದು ಯಾಕೆಂದು ಡಾಕ್ಟರು ಹೇಳುವ ಮೊದಲೇ ಅವಳಿಗೆ ತಿಳಿದಿತ್ತು. ಮೈಯ ನೀರಿಳಿಸುವ ಮಾತ್ರೆ ಚೀಲದ ತಳದಲ್ಲಿದೆ, ಆರೋಗ್ಯವಾಗಿದ್ದೀರಾ ಅಂತ ಶಾಲೆಯವರು ವರ್ಷವರ್ಷ ಕೇಳುವ ಕಾಗದದಲ್ಲಿ ಹೌದು ಅಂತ ಗೀಟು ಹಾಕಿದ್ದಾಳೆ, ಪಕ್ಕದ ಕೋಣೆಯಲ್ಲಿ ರೋಗಿಯ ವೇಷ ಹಾಕುತ್ತಿದ್ದ ರಿಟ್ಸ್ಕೆ ನಿಜವಾಗಿ ಕೆಮ್ಮಿದಾಗ ಹೂವಿನ ಗುಚ್ಛ ಕೊಟ್ಟು ಕಳಿಸಲಿಲ್ಲವೆ, ನಿಜವಾದ ರೋಗಿಗಳಿಗೆ ಇಲ್ಲಿ ಮಂಚವಿಲ್ಲ, ಮತ್ತೆ ಗಂಡ ಮಣ್ಣಾದ ಮೇಲೆ ಅವಳ ಮೈಮೇಲೆ ಕೈಯಿಟ್ಟು ಹೇಗಿದ್ದೀರಿ ಅಂತ ಕೇಳುವುದು ಈ ಮಂಗಳವಾರ ಒಂದೇ. ಹನ್ನೊಂದು ಹೆಬ್ಬೆರಳು ಮೊಣಕಾಲ ಕೆಳಗೆ ಒತ್ತಿದವು, ಹನ್ನೊಂದು ಜೊತೆ ಕಣ್ಣು ಒತ್ತಿದ ಕಡೆ ಉಳಿದ ಗುಳಿ ನೋಡಿತು, ಮೇಷ್ಟ್ರ ಮುಖ ನೋಡಿತು, ಕಾಲು ಸರಿಯಾಗಿದೆ ಸರ್ — ಉಬ್ಬಸದವಳಿಗೆ ಕಾಲೇಕೆ ಊದುತ್ತದೆ, ಮೇಷ್ಟ್ರ ಮುಖದಲ್ಲಿ ಇಲ್ಲದ್ದು ಕಾಲಲ್ಲೂ ಇಲ್ಲ. ಈಗ ಹನ್ನೆರಡನೆಯದು, ತಣ್ಣಗಿನದು, ಒತ್ತಿತು, ಎದ್ದಿತು, ಗುಳಿ ಹಾಗೇ ನಿಂತಿತು, ಹುಡುಗಿ ಮೇಷ್ಟ್ರ ಕಡೆ ನೋಡಲಿಲ್ಲ. ಅಮ್ಮಾವ್ರೆ, ಮಲಗೋವಾಗ ಎಷ್ಟು ದಿಂಬು ಇಟ್ಕೋತೀರಿ. ಒಂದು, ಅಂದಳು ಆಫ್ಕೆ, ನಿಜಕ್ಕೆ ಮೂರು, ಹೋದ ವಾರ ಕುರ್ಚಿಯಲ್ಲೇ ಕೂತು ಬೆಳಗು ಮಾಡಿದ್ದು, ಕಾಗದದಲ್ಲಿ ದಿಂಬಿನ ಮಾತೇ ಇಲ್ಲ. ಮೇಷ್ಟ್ರೆ, ಅಂದಳು ಹುಡುಗಿ, ಇದು ಉಬ್ಬಸ ಅಲ್ಲ, ಗುಂಡಿಗೆ ಸೋತಿದೆ, ಮುಂದಕ್ಕೆ ತಳ್ಳಕ್ಕಾಗದೆ ರಕ್ತ ಹಿಂದೆ ನಿಂತು ನೀರು ನಾಳದಿಂದ ಒಸರ್ತಾ ಇದೆ, ಮಲಗಿದ್ರೆ ಅದೇ ನೀರು ಉಸಿರಿಗೆ ಅಡ್ಡ ಬರುತ್ತೆ. ದನಿ ನಡುಗಲಿಲ್ಲ, ಈ ಒಂಬತ್ತು ವರ್ಷದಲ್ಲಿ ಯಾಕೆ ಅನ್ನುವುದನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಹಾರಿಂಗಾ ನಕ್ಕರು, ಕುರ್ಚಿಯಿಂದ ಏಳಲಿಲ್ಲ — ಕುದುರೆ ಕಟ್ಟಿದ ಕೊಟ್ಟಿಗೇಲಿ ಹಸು ಹುಡುಕ್ತೀಯಲ್ಲ ತಾಯಿ, ಕಾಲು ಸರಿಯಾಗಿದೆ ಅಂತ ಇಲ್ಲಿ ಬರೆದಿದೆ. ಬರೆದಿದ್ದಲ್ಲ ಮೇಷ್ಟ್ರೆ, ಕಾಲು ನೋಡಿ. ಅವರು ಕಾಲು ನೋಡಲಿಲ್ಲ, ಆಫ್ಕೆಯ ಮುಖ ನೋಡಿದರು, ಆಟ ಬಿಟ್ಟು ಹೇಳಿ ಆಫ್ಕೆ, ಕಾಲಿಗೇನಾದ್ರೂ ಆಗಿದೆಯಾ. ಹೌದು ಅಂದರೆ ಹುಡುಗಿ ಉಳಿಯುತ್ತಾಳೆ, ಹೌದು ಅಂದರೆ ನಾಳೆ ಹೂವಿನ ಗುಚ್ಛ, ಮತ್ತೆ ಆ ಕುರ್ಚಿ, ಆ ಕಿಟಕಿ, ಯಾರೂ ಮುಟ್ಟದ ಮಂಗಳವಾರ — ಇವಳಿಗಾದರೂ ಏನು, ಇಪ್ಪತ್ತು ವರ್ಷ, ಅಂಗಡಿ ಸೇರುತ್ತಾಳೆ, ಮದುವೆಯಾಗುತ್ತಾಳೆ, ಬಚ್ಚಿಟ್ಟದ್ದನ್ನು ತಣ್ಣನೆಯ ಬೆರಳಲ್ಲಿ ಕೆದಕು ಅಂತ ಇವಳಿಗೆ ಯಾರು ಹೇಳಿದ್ದರು. ಏನಿಲ್ಲ ಮೇಷ್ಟ್ರೆ, ಕಾಲುಚೀಲ ಬಿಗಿಯಾಗಿತ್ತು. ಹುಡುಗಿ ನೋಡಿದಳು, ಗೊತ್ತಿದ್ದೂ ಹೀಗಂದಿರಲ್ಲ ಅನ್ನುವ ಹಾಗೆ ನೋಡಿದಳು, ಮೇಷ್ಟ್ರ ಪೆನ್ನು ಅವಳ ಹೆಸರಿನ ಮೇಲೆ ಒಂದು ಗೀಟು ಎಳೆಯಿತು, ಗಂಟೆ ಹೊಡೆಯಿತು, ಹೋಗುವಾಗ ಬಗ್ಗಿ ಕಿವಿಯ ಹತ್ತಿರ ಅಂದಳು, ಇವತ್ತೇ ಡಾಕ್ಟರ ಹತ್ರ ಹೋಗಿ ಅಮ್ಮಾವ್ರೆ, ತಡ ಮಾಡ್ಬೇಡಿ. ಬಾಗಿಲು ಮುಚ್ಚಿತು, ಹದಿಮೂರನೆಯವನು ಹೊರಗೆ ಅಂಗೈ ಉಜ್ಜುತ್ತಿದ್ದಾನೆ, ಆಫ್ಕೆ ತಲೆಯೆತ್ತಿ ನೋಡುತ್ತಾಳೆ, ಅವನು ಬರುವ ಮೊದಲು ಕಾಲ ಮೇಲೆ ಹೊದಿಕೆ ಎಳೆದುಕೊಳ್ಳಬೇಕು, ಕೈ ಏಳುವುದಿಲ್ಲ, ಗುಳಿ ಅಲ್ಲೇ ಇದೆ, ತುಂಬಲಿ, ತುಂಬುತ್ತದೆ, ಬಿಳಿಚಿದ ಚರ್ಮದಲ್ಲಿ ಹೆಬ್ಬೆರಳಿನಷ್ಟು ಗುಳಿ, ಗುಳಿ —